ಮನೆಯಂಗಳದ ಸಣ್ಣ ಸಂತೋಷಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡಬೇಕೆಂಬದು ಹಳೆಯ ವಾಡಿಕೆ. ಆ ಲೇಖನವು ಸ್ತ್ರೀಶಿಕ್ಷಣವನ್ನು ಕುರಿತೋ, ಶಿಸ್ತನ್ನು ಕುರಿತೋ, ಪರೀಕ್ಷೆಯ ಫಲಿತಾಂಶವನ್ನು ಕುರಿತೋ ಇರುವದು. ಬರೆದವಳನ್ನೂ ಅಚ್ಚಿನ ತಪ್ಪು ತಿದ್ದುವವರನ್ನೂ ಬಿಟ್ಟರೆ ಮತ್ತಾರೂ ಅದನ್ನು ಕೊನೆಯ ವರೆಗೆ ಓದುವದಿಲ್ಲವೆಂಬದನ್ನು ನಾನು ಅನುಭವದಿಂದ ಬಲ್ಲೆನು. ಈ ಸಾರೆ ಸಂಚಿಕೆಯ ಕೆಲಸವನ್ನು ವಹಿಸಿಕೊಂಡ ಪೂರ್ವ ವಿದ್ಯಾರ್ಥಿನಿಯರು ನನ್ನ ಕೋಣೆಗೆ ಬಂದು, “ಟೀಚರ್, ಶನಿವಾರದ ಗಂಟೆ ಹೊಡೆದೊಡನೆ ನೀವು ಚೀಲ ಹಿಡಿದು ಸ್ಟೇಶನ್ನಿಗೆ ಓಡುವದನ್ನು ನಾವೆಲ್ಲರೂ ನೋಡಿದ್ದೇವೆ. ನಾವು ತಡವಾಗಿ ಬಂದರೆ ಮಾತ್ರ ಹೊರಗೆ ನಿಲ್ಲಿಸುತ್ತಿದ್ದಿರಿ. ಆ ಊರಲ್ಲಿ ಅಂಥದ್ದೇನಿದೆ? ಅದನ್ನೇ ಬರೆಯಿರಿ” ಎಂದರು. ನಾನು ನಕ್ಕು ಒಪ್ಪಿಕೊಂಡೆನು. ಒಪ್ಪಿಕೊಂಡ ಮೇಲೆ, ಅಲ್ಲಿ ಏನಿದೆಯೆಂದು ಹೇಳುವದು ಅಷ್ಟು ಸುಲಭವಲ್ಲವೆಂದು ತಿಳಿದುಬಂದಿತು.

ಅಲ್ಲಿರುವದು ಒಂದು ಹಂಚಿನ ಮನೆ, ಮನೆಯ ಮುಂದೆ ಹತ್ತು ಮಾರು ಉದ್ದದ ಅಂಗಳ, ಒಂದು ಬೆಕ್ಕು, ಮತ್ತು ಎಪ್ಪತ್ತಾರು ವರ್ಷದ ನನ್ನ ತಾಯಿಯವರು. ಊರು ದೇವರಗುಡ್ಡ. ರಾಣೆಬೆನ್ನೂರನ್ನು ಬಿಟ್ಟ ಗಾಡಿಯು ಬ್ಯಾಡಗಿಯನ್ನು ಮುಟ್ಟುವದರೊಳಗಾಗಿ ಒಂದು ಸಣ್ಣ ಸ್ಟೇಶನ್ನು ಬರುವದು; ವೇಗದ ಗಾಡಿಗಳಲ್ಲಿ ಕುಳಿತವರಿಗೆ ಅದರ ಹೆಸರನ್ನು ಪೂರ್ತಿಯಾಗಿ ಓದುವಷ್ಟು ಹೊತ್ತು ಸಿಕ್ಕುವದಿಲ್ಲ. ನಾನು ಹುಟ್ಟಿದಾಗ ಇದು ಧಾರವಾಡ ಜಿಲ್ಲೆಯಲ್ಲಿದ್ದಿತು. 1997ರಿಂದ ಹಾವೇರಿ ಜಿಲ್ಲೆಯಾಯಿತು. ನಮ್ಮ ತಂದೆಯವರು ರೈಲ್ವೆಯಲ್ಲಿ ಸಣ್ಣ ನೌಕರಿಯಲ್ಲಿದ್ದರು. ಆ ಕಾಲದಲ್ಲಿ ಸಣ್ಣ ಸ್ಟೇಶನ್ನುಗಳಲ್ಲಿಯೂ ಊರ ಹೆಸರಿನ ಹಲಗೆಯ ಕೆಳಗೆ, ಸುಣ್ಣ ಬಳಿದ ಕಲ್ಲುಗಳ ನಡುವೆ, ನಾಲ್ಕು ಹೂಗಿಡಗಳಿರುತ್ತಿದ್ದವು. ಆ ಗಿಡಗಳನ್ನು ತಂದೆಯವರು ನೋಡಿಕೊಳ್ಳುತ್ತಿದ್ದರು. ಅವುಗಳ ಕಡ್ಡಿಗಳನ್ನೂ ಬೀಜಗಳನ್ನೂ ತಾಯಿಯವರು ಮನೆಗೆ ತರುತ್ತಿದ್ದರು. ಮೀಟರ್ ಗೇಜಿನ ಹಳಿಗಳು 1990ರ ದಶಕದಲ್ಲಿ ಹೋದವು. ಸ್ಟೇಶನ್ನಿನ ಹೂಗಿಡಗಳೂ ಹೋದವು. ತಂದೆಯವರೂ ಹೋದರು. ಅಂಗಳ ಮಾತ್ರ ಉಳಿಯಿತು.

ಊರಿನ ಹೆಸರು ಕೇಳಿದವರಿಗೆಲ್ಲ ಮೊದಲು ನೆನಪಾಗುವದು ಗುಡ್ಡದ ಮೇಲಿನ ಮಾಲತೇಶನ ಗುಡಿ ಮತ್ತು ಅಲ್ಲಿಯ ಕಾರಣಿಕ. ದಸರೆಯಲ್ಲಿ ಕರಿಯ ಕಂಬಳಿಯ ಗೊರವರು ಡಮರುಗ ಬಾರಿಸುತ್ತ ಬರುವರು. ಭಂಡಾರದ ಹುಡಿಯಿಂದ ಜನರೂ ಎತ್ತುಗಳೂ ಹಾದಿಯೂ ಅರಿಷಿಣದ ಬಣ್ಣವಾಗುವವು. ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗಿದರೆ ಸಾವಿರಾರು ಜನರು ಒಮ್ಮೆಲೆ ಮೌನವಾಗುವರು. ಅವನು ಒಂದೇ ಒಂದು ವಾಕ್ಯವನ್ನು ನುಡಿಯುವನು. ಆ ಒಂದು ವಾಕ್ಯದ ಅರ್ಥ ಮಳೆಯೋ, ಬೆಳೆಯೋ, ರಾಜಕಾರಣವೋ ಎಂದು ವಾದಿಸುತ್ತ ಜನರು ನಮ್ಮ ಸ್ಟೇಶನ್ನಿನಲ್ಲಿ ಗಾಡಿಗಾಗಿ ಕಾಯುವದನ್ನು ನಾನು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದೇನೆ. ನಾವು ಆ ಗುಡಿಯ ಒಕ್ಕಲಲ್ಲ. ಆದರೂ ಆ ವಾರ ನಮ್ಮ ಅಂಗಳದ ಚೆಂಡುಹೂವೆಲ್ಲ ನೆರೆಯವರ ಬುಟ್ಟಿಗಳಲ್ಲಿ ಗುಡ್ಡವನ್ನೇರುವದು. ತಾಯಿಯವರು ಅದಕ್ಕೆ ಹಣ ತೆಗೆದುಕೊಂಡದ್ದನ್ನು ನಾನು ಕಾಣೆ. ಇನ್ನೊಂದು ಮಾತು. ಮೈಲಾರನ ಗೊರವರಲ್ಲಿ ನಾಯಿಗೆ ದೊಡ್ಡ ಮರ್ಯಾದೆ. ಅವರು ನಾಯಿಯಂತೆ ಬೊಗಳಿ, ನೆಲದ ಮೇಲೆ ಇಟ್ಟ ದೋಣಿಯೊಳಗಿಂದ ಉಂಡು ಸೇವೆ ಸಲ್ಲಿಸುವರು. ಇಂಥ ಊರಿನಲ್ಲಿ ಬೆಕ್ಕನ್ನು ಸಾಕುವದು ಸ್ವಲ್ಪ ಎದುರು ಪಕ್ಷಕ್ಕೆ ಸೇರಿದಂತೆಯೇ ಸರಿ.

ಗಾಡಿಯಿಂದಿಳಿದು ನಾನು ಮನೆಯ ಗೇಟನ್ನು ತೆರೆಯುವ ಹೊತ್ತಿಗೆ ಸಂಜೆಮಲ್ಲಿಗೆಯು ಅರಳುತ್ತಿರುವದು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಗಡಿಯಾರವು ನಿಂತುಹೋದಾಗ ತಾಯಿಯವರು ಈ ಗಿಡವನ್ನು ನೋಡಿ ಚಹಕ್ಕೆ ನೀರಿಡುತ್ತಿದ್ದರು. ತಂದೆಯವರ ಪಾಳಿ ಮುಗಿಯುವದಕ್ಕೂ ಹೂ ಬಿಚ್ಚುವದಕ್ಕೂ ಹೆಚ್ಚಿನ ಅಂತರವಿರುತ್ತಿರಲಿಲ್ಲ. ಕೆಂಪು ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಹುಟ್ಟಿದ ಗಿಡವು ನಸುಗೆಂಪು ಹೂ ಬಿಡುವದೆಂಬ ಪಾಠವನ್ನು ನಮ್ಮ ಮಕ್ಕಳು ಅನುವಂಶೀಯತೆಯ ಪ್ರಕರಣದಲ್ಲಿ ಓದುತ್ತಾರೆ. ಜರ್ಮನಿಯ ಕೊರೆನ್ಸ್ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ಕಂಡದ್ದು ಈ ಗಿಡದಲ್ಲಿಯೇ. 1900ರಲ್ಲಿ ಮೆಂಡೆಲನ ಮರೆತುಹೋದ ನಿಯಮಗಳನ್ನು ಮರಳಿ ಬೆಳಕಿಗೆ ತಂದವರಲ್ಲಿ ಆತನೂ ಒಬ್ಬನು. ನಮ್ಮ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಈ ಮೂರು ಬಣ್ಣಗಳೂ ಇವೆ. ಇದರ ತೌರು ಅಮೆರಿಕ ಖಂಡ, ಚೆಂಡುಹೂವಿನದು ಮೆಕ್ಸಿಕೊ, ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅದೇ ಖಂಡ. ಪೋರ್ತುಗೀಜರ ಹಡಗಿನಲ್ಲಿ ಬಂದ ಅತಿಥಿಗಳನ್ನು ನಾವು ನಮ್ಮವರೆಂದು ಎಷ್ಟು ಗಟ್ಟಿಯಾಗಿ ನಂಬಿದ್ದೇವೆಂದರೆ, ಅವಿಲ್ಲದೆ ನಮ್ಮ ಹಬ್ಬವೂ ಆಗದು, ಊಟವೂ ಆಗದು.

ಚಹ ಕುಡಿದ ಮೇಲೆ ಹೂ ಕಟ್ಟುವ ಕೆಲಸ. ದುಂಡುಮಲ್ಲಿಗೆಯ ಮೊಗ್ಗನ್ನು ಅದು ಬಿರಿಯುವದಕ್ಕೆ ಮೊದಲೇ ಹರಿದಿಡಬೇಕು. ರಾತ್ರಿ ಅದು ಮಾಲೆಯಲ್ಲಿಯೇ ಅರಳಬೇಕು. ಅಬ್ಬಲಿಗೆಯನ್ನು, ಅಂದರೆ ಮೈಸೂರಿನವರು ಕನಕಾಂಬರವೆನ್ನುವದನ್ನು, ಅರಳಿದ ಮೇಲೆ ಹರಿಯಬೇಕು. ಅದಕ್ಕೆ ಪರಿಮಳವಿಲ್ಲ, ಆದರೆ ಎರಡು ದಿನ ಬಾಡದು, ತೂಕವೂ ಇಲ್ಲ. ಒಂದರಲ್ಲಿ ವಾಸನೆ, ಒಂದರಲ್ಲಿ ಬಣ್ಣ, ನಡುವೆ ಒಂದು ಎಸಳು ಮರುಗ. ನೆನೆಸಿದ ಬಾಳೆಯ ನಾರಿನಲ್ಲಿ ಎರಡು ಹೂ ಆ ಕಡೆ, ಎರಡು ಹೂ ಈ ಕಡೆ ಇಟ್ಟು ಒಂದು ಗಂಟು ಹಾಕುವದನ್ನು ತಾಯಿಯವರು ಮಾತಾಡುತ್ತ, ಬೇರೆಡೆ ನೋಡುತ್ತ ಮಾಡುವರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಿದ ನಾನು ಕಟ್ಟಿದ ಮಾಲೆಯು ಗೇಟು ದಾಟುವದರೊಳಗೆ ಬಿಚ್ಚಿಹೋಗುವದು. ಇದು ನನ್ನ ವಿದ್ಯಾರ್ಥಿನಿಯರಿಗೆ ತಿಳಿಯದಿರಲೆಂದು ಈ ವರೆಗೆ ಜಾಗ್ರತೆ ವಹಿಸಿದ್ದೆನು.

ಹೂವೆಂದರೆ ಎಲ್ಲರಿಗೂ ಸಂತೋಷವೆಂದು ನಾನು ಹೇಳುತ್ತಿಲ್ಲ. ನಮ್ಮ ರಾಣೆಬೆನ್ನೂರಿನ ಸೀಮೆಯಲ್ಲಿ ಹತ್ತಿಯ ಮತ್ತು ತರಕಾರಿಯ ಸಂಕರ ಬೀಜಗಳನ್ನು ಬೆಳೆಯುವ ಹೊಲಗಳು ಬಹಳ. ಅಲ್ಲಿ ಹೆಂಗಸರು ಸಾಯಂಕಾಲ ಮರುದಿನದ ಮೊಗ್ಗನ್ನು ಬಿಡಿಸಿ ಗಂಡು ಭಾಗವನ್ನು ತೆಗೆದಿಟ್ಟು, ಬೆಳಗ್ಗೆ ಬೇರೆ ಗಿಡದ ಹೂವಿನ ಪರಾಗವನ್ನು ತಂದು ಒಂದೊಂದಕ್ಕಾಗಿ ಸೋಂಕಿಸುವರು. ಇದಕ್ಕೆ ಅವರು ಕ್ರಾಸಿಂಗ್ ಎನ್ನುವರು. ದಿನಕ್ಕೆ ನೂರಾರು ಹೂ. ನೆರೆಯ ಹೆಣ್ಣುಮಗಳೊಬ್ಬಳು ನಮ್ಮ ಕಟ್ಟೆಯ ಮೇಲೆ ಕುಳಿತು, “ಅಕ್ಕಾ, ನಿಮಗ ಹೂ ಕಂಡರ ಖುಶಿ. ನನಗ ಹೂ ಕಂಡರ ಬೆನ್ನು ನೋಯತೈತಿ” ಎಂದಳು. ಆಕೆಯೇ ವಾರದ ದಿನಗಳಲ್ಲಿ ತಾಯಿಯವರ ಜೊತೆಗೆ ರಾತ್ರಿ ಮಲಗಲು ಬರುವಳು. ಆಕೆಯ ಮಾತನ್ನು ನಾನು ಮರೆತಿಲ್ಲ.

ಇನ್ನು ಬೆಕ್ಕು. ಇದು 2019ರಲ್ಲಿ, ಮೆಣಸಿನಕಾಯಿಯ ಸುಗ್ಗಿಯಲ್ಲಿ, ಬ್ಯಾಡಗಿಯ ಪೇಟೆಗೆ ಮಾಲು ಹಾಕಿ ಮರಳಿದ ನೆರೆಯವರ ಟ್ರ್ಯಾಕ್ಟರಿನಲ್ಲಿ, ಖಾಲಿ ಚೀಲಗಳ ನಡುವೆ ಬಂದಿಳಿಯಿತು. ಚೀಲ ಝಾಡಿಸಿದವರೆಲ್ಲ ಸೀನಿದರು. ಮರಿ ಮಾತ್ರ ಕಣ್ಣು ಪಿಳುಕಿಸುತ್ತ ನಿಂತಿದ್ದಿತು. ಮೈಮೇಲೆ ಕೆಂಪು, ಕಪ್ಪು, ಬಿಳಿ ಮೂರೂ ತೇಪೆ. ಅದರ ಕೆಂಪನ್ನು ನೋಡಿ ತಾಯಿಯವರು ಮೆಣಸಿ ಎಂದು ಹೆಸರಿಟ್ಟರು. 2011ರಲ್ಲಿ ಭೌಗೋಳಿಕ ಸೂಚನೆಯ ಮುದ್ರೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚಳವೇನೆಂದರೆ ಬಣ್ಣ ಬಹಳ, ಖಾರ ಕಡಿಮೆ. ನಮ್ಮ ಮೆಣಸಿಯೂ ಹಾಗೆಯೇ.

ಮೂರು ಬಣ್ಣದ ಬೆಕ್ಕು ಹೆಣ್ಣೇ ಆಗಿರುವದೆಂದು ನಾನು ಅಂದೇ ಹೇಳಿದೆನು. ಕೆಂಪನ್ನು ಕೊಡುವ ಗುಣಾಣುವು ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಗಂಡಿನಲ್ಲಿ ಆ ತಂತು ಒಂದೇ. ಆದುದರಿಂದ ಅದು ಕೆಂಪಾಗಬೇಕು, ಇಲ್ಲವೆ ಕಪ್ಪಾಗಬೇಕು. ಹೆಣ್ಣಿನಲ್ಲಿ ಎರಡು ತಂತುಗಳಿದ್ದು, ಮೈಯ ಒಂದೊಂದು ಕಡೆಯಲ್ಲಿ ಒಂದೊಂದು ಸುಮ್ಮನಾಗುವದರಿಂದ ಎರಡೂ ಬಣ್ಣಗಳು ತೇಪೆತೇಪೆಯಾಗಿ ಕಾಣುವವು. ಇದಕ್ಕೆ ತಪ್ಪಿ ಹುಟ್ಟಿದ ಗಂಡು ಬಹು ಅಪರೂಪ. ಆ ಗುಣಾಣು ಯಾವದೆಂಬದನ್ನು ಜಪಾನಿನ ಮತ್ತು ಅಮೆರಿಕದ ಎರಡು ತಂಡಗಳು 2025ರಲ್ಲಿ ಪ್ರಕಟಿಸಿದವು. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ನಾನು ಗಟ್ಟಿಯಾಗಿ ಓದಿ ಹೇಳಿದಾಗ ತಾಯಿಯವರು, “ಮೂರು ಸಲ ಮರಿ ಹಾಕಿದ ಮ್ಯಾಲೂ ಹೆಣ್ಣೋ ಗಂಡೋ ಅಂತ ಪತ್ರಿಕಿ ಹೇಳಬೇಕೇನು?” ಎಂದರು.

ನಮ್ಮ ಕನ್ನಡದ ಗಾದೆಗಳು ಬೆಕ್ಕಿಗೆ ನ್ಯಾಯ ಮಾಡಿಲ್ಲವೆಂದು ನನ್ನ ಮತ. ಅದು ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳಿ. ಇಲಿಗೆ ಪ್ರಾಣಸಂಕಟವಾದರೆ ಅದಕ್ಕೆ ಚೆಲ್ಲಾಟ. ನಿಜವನ್ನು ಹೇಳುವದಾದರೆ, ಬೆಳೆದ ಬೆಕ್ಕುಗಳಲ್ಲಿ ಬಹಳಕ್ಕೆ ಹಾಲು ಜೀರ್ಣವಾಗುವದಿಲ್ಲ. ಸಿಹಿಯ ರುಚಿಯಂತೂ ಬೆಕ್ಕಿನ ಕುಲಕ್ಕೇ ತಿಳಿಯದು. ಆ ರುಚಿಯನ್ನು ತಿಳಿಸುವ ಗುಣಾಣು ಅದರಲ್ಲಿ ಕೆಟ್ಟುನಿಂತಿದೆಯೆಂದು 2005ರಲ್ಲಿ ಕಂಡುಹಿಡಿದರು. ಇಲಿಗಾಗಿಯೇ ಅದು ಮನುಷ್ಯನ ಮನೆಗೆ ಬಂದಿತು. ಮೊದಲ ಬೇಸಾಯಗಾರರ ಕಾಳಿನ ರಾಶಿಗೆ ಇಲಿ ಬಂದಿತು, ಇಲಿಯ ಹಿಂದೆ ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷದ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ನಮ್ಮ ಸೀಮೆಯ ಹಗೇವುಗಳಲ್ಲಿ ಜೋಳವನ್ನು ತುಂಬಿಡುತ್ತಿದ್ದ ಕಾಲದಲ್ಲಿ ಬೆಕ್ಕಿನ ಕೆಲಸಕ್ಕೆ ಬೆಲೆಯಿದ್ದಿತು. ಈಗ ಮೆಣಸಿಯ ಮುಖ್ಯ ಉದ್ಯೋಗವು ಬಿಸಿಲನ್ನು ಹಿಂಬಾಲಿಸುವದು. ಬೆಳಗ್ಗೆ ಕಟ್ಟೆಯ ಮೂಡಣ ತುದಿ, ಮಧ್ಯಾಹ್ನ ದಾಸವಾಳದ ನೆರಳು, ಸಂಜೆ ತಾಯಿಯವರ ಕಾಲ ಬಳಿ, ಹೂಬುಟ್ಟಿಯಲ್ಲಿ ಮೂತಿಯಿಟ್ಟು ಸೀನುತ್ತ. ಶನಿವಾರ ಸಂಜೆ ಆ ಸೀನನ್ನು ಕೇಳಿದ ಮೇಲೆಯೇ ನನ್ನ ವಾರವು ಮುಗಿಯುವದು. ಟಪಾಲು, ಹಾಜರಿ, ಪಾಲಕರ ದೂರುಗಳು (ಈ ಸಂಚಿಕೆಯನ್ನು ಓದುವ ಪಾಲಕರು ಕ್ಷಮಿಸಬೇಕು) ಎಲ್ಲವೂ ಅಲ್ಲಿಗೆ ನಿಲ್ಲುವವು.

ಇಷ್ಟರಲ್ಲಿಯೇ ಮುಗಿಸಿದ್ದರೆ ಲೇಖನವು ಚಿಕ್ಕದಾಗಿಯೂ ನನಗೆ ಗೌರವದ್ದಾಗಿಯೂ ಇರುತ್ತಿದ್ದಿತು. ಆದರೆ ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕೆಂದು ನಾನೇ ನಿಮಗೆ ಕಲಿಸಿದ್ದೇನೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. ನಮ್ಮ ಅಂಗಳಕ್ಕೆ ಮುಖ ತೊಳೆದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಮಾತ್ರ. ಗುಲಾಬಿ ಹೋಯಿತು, ಸೇವಂತಿಗೆ ಹೋಯಿತು. ಗೇಟಿನಿಂದ ಕಟ್ಟೆಯ ವರೆಗೆ ಕಾಲುದಾರಿಯ ಎರಡೂ ಬದಿಯಲ್ಲಿದ್ದ ಅಬ್ಬಲಿಗೆಯ ಸಾಲನ್ನು ಮಾತ್ರ ತಾಯಿಯವರು ಚೊಂಬಿನಿಂದ ಚೊಂಬಿಗೆ ಬದುಕಿಸಿಕೊಂಡರು. ದಸರೆಯ ಸೂಟಿಯಲ್ಲಿ ನಾನು ಹತ್ತು ದಿನ ಮನೆಯಲ್ಲಿದ್ದೆನು. ಒಂದು ಬೆಳಗ್ಗೆ ಅವರು ಹೂ ಹರಿದು ಮುಗಿಸಿ ಬುಟ್ಟಿಯನ್ನು ಕೊಟ್ಟಾಗ, ದಾರಿಯ ಎಡಬದಿಯ ಗಿಡಗಳ ಮೇಲೆ ಅರ್ಧಕ್ಕರ್ಧ ಹೂವು ಹಾಗೆಯೇ ಇದ್ದದ್ದನ್ನು ನೋಡಿದೆನು. “ಇವನ್ನು ಗಿಡದಲ್ಲಿಯೇ ಬಿಟ್ಟಿರಾ?” ಎಂದು ಕೇಳಿದೆನು. “ಯಾವು? ಎಲ್ಲಾ ಹರಕೊಂಡೇನಲ್ಲ” ಎಂದರು.

ಆಗ ಒಂದೊಂದೇ ನೆನಪಿಗೆ ಬಂದವು. ಅವರ ಎಡಗೈ ಬಾಗಿಲ ಚೌಕಟ್ಟಿಗೆ ತಾಗುತ್ತಿದ್ದದ್ದು, ಬೆಕ್ಕಿನ ಬಾಲವನ್ನು ತುಳಿದು ಇಬ್ಬರೂ ಕೂಗಿಕೊಂಡದ್ದು, ಕುಂಡವೊಂದಕ್ಕೆ ಎಡವಿ, “ಇದನ್ನ ಯಾರು ಇಲ್ಲಿ ಇಟ್ಟರು?” ಎಂದು ಸಿಡಿಮಿಡಿಗೊಂಡದ್ದು. ಅದನ್ನು ಅಲ್ಲಿಟ್ಟವರು ಅವರೇ. ಸೂಜಿಗೆ ದಾರ ಪೋಣಿಸುವದು ಅವರಿಗೆ ಆಗಲೂ ಬರುತ್ತಿದ್ದಿತು; ಆದುದರಿಂದ ಕಣ್ಣಿನ ವಿಷಯವು ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. ತರಗತಿಯಲ್ಲಿ ಹಲಗೆಯ ಅಕ್ಷರ ಓದಲು ಕಣ್ಣು ಕಿರಿದು ಮಾಡುವ ಹುಡುಗಿಯನ್ನು ನಾನು ಬಾಗಿಲಿನಿಂದಲೇ ಗುರುತಿಸುವೆನು. ಎಷ್ಟು ಜನ ಪಾಲಕರಿಗೆ ನಾನು ಚೀಟಿ ಬರೆದು, “ಇಷ್ಟು ದಿನ ಮನೆಯಲ್ಲಿ ಯಾರಿಗೂ ಕಾಣಲಿಲ್ಲವೇ?” ಎಂದು ಕಠಿಣವಾಗಿ ಕೇಳಿದ್ದೇನೆ! ಆ ಪಾಲಕರಲ್ಲಿ ಕೆಲವರು ಇದನ್ನು ಓದುತ್ತಿರಬಹುದು.

ವೈದ್ಯರು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರವು ಮೆಲ್ಲಮೆಲ್ಲನೆ ಕೆಡುವದು. ನೋವಿಲ್ಲ, ಕೆಂಪಿಲ್ಲ. ನೋಟವು ಅಂಚುಗಳಿಂದ ಒಳಗೆ ಕುಗ್ಗುತ್ತ ಬರುವದು. ನಡುವಿನ ನೋಟ ಕೊನೆಯ ವರೆಗೆ ಉಳಿಯುವದರಿಂದ ರೋಗಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಪೊರೆಯಾಗಿದ್ದರೆ ಶಸ್ತ್ರಕ್ರಿಯೆಯಿಂದ ನೋಟ ಮರಳುತ್ತಿದ್ದಿತು. ಇದರಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ದಿನವೂ ತಪ್ಪದೆ ಹನಿ ಹಾಕಿ ಕಾಯಬೇಕು. ತಾಯಿತಂದೆಗಳಿಗೆ ಇದು ಇದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚೆಂದು ಅವರು ನನ್ನ ಕಣ್ಣಿನ ಒತ್ತಡವನ್ನೂ ನೋಡಿದರು. ನಲವತ್ತು ದಾಟಿದ ಪೂರ್ವ ವಿದ್ಯಾರ್ಥಿನಿಯರು ಈ ಸಂಚಿಕೆಯನ್ನು ಮಡಚಿಟ್ಟು ಒಮ್ಮೆ ತೋರಿಸಿಕೊಂಡು ಬರಲೆಂದು ನನ್ನ ಕೋರಿಕೆ. ಬೇಕಾದರೆ ಇದನ್ನು ಆಜ್ಞೆಯೆಂದೇ ತಿಳಿಯಿರಿ.

ತಾಯಿಯವರನ್ನು ಶಾಲೆಯ ಬಳಿಯ ನನ್ನ ಬಿಡಾರಕ್ಕೆ ಕರೆತಂದೆನು. ಎರಡನೆಯ ಮಹಡಿ, ಅಂಗಳವಿಲ್ಲ. ಅವರು ಎಂಟು ದಿನ ಕಿಟಕಿಯ ಬಳಿ ಕುಳಿತರು. ಒಂಬತ್ತನೆಯ ದಿನ, “ಬೆಕ್ಕು ಉಂಡಿತೋ ಇಲ್ಲೋ” ಎಂದರು. ನಾನು ವಾದಿಸಲಿಲ್ಲ. ಆದರೆ ಮರಳಿ ಬಿಡುವದಕ್ಕೆ ಮೊದಲು ಮನೆಯನ್ನು ಅವರಿಗೆ ಸುರಕ್ಷಿತವಾಗಿ ಮಾಡಬೇಕೆಂದು ನಿಶ್ಚಯಿಸಿದೆನು. ಮುಖ್ಯೋಪಾಧ್ಯಾಯಿನಿಯು ನಿಶ್ಚಯಿಸಿದರೆ ಕೆಲಸಕ್ಕೆ ತಡವಾಗುವದಿಲ್ಲ. 2024ರ ಫೆಬ್ರುವರಿಯಲ್ಲಿ ಗೌಂಡಿಯನ್ನು ಕರೆಸಿ, ಕಾಲುದಾರಿಯ ತಗ್ಗುದಿನ್ನೆಗಳನ್ನು ಸರಿಮಾಡಿಸಿ, ಉಸುಕು ಹಾಸಿ, ಶಹಾಬಾದ ಫರಸಿಯನ್ನು ಅಗಲವಾಗಿ ಹಾಕಿಸಿದೆನು. ಅಗಲ ಮಾಡಬೇಕಾದರೆ ಅಬ್ಬಲಿಗೆಯ ಸಾಲುಗಳು ಅಡ್ಡವಾದವು. ಬರದಲ್ಲಿ ಸೊರಗಿದ ಗಿಡಗಳು; ಕಿತ್ತು ಹಾಕೆಂದೆನು. ತಾಯಿಯವರು ಆಗ ಒಳಗೆ ಮಲಗಿದ್ದರು. ನಾನು ಅವರನ್ನು ಕೇಳಲಿಲ್ಲ.

ಎದ್ದು ಬಂದವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಕಿತ್ತ ಗಿಡಗಳ ರಾಶಿಗೆ ಗೌಂಡಿಯು ಬೆಂಕಿ ಹಚ್ಚಲು ಹೋದಾಗ, “ಸುಡಬ್ಯಾಡಪ್ಪ. ದಾರಿ ಬಾಜೂ ಹಂಗ ಹರವಿಬಿಡು” ಎಂದಷ್ಟೇ ಅಂದರು. ಒಲೆಗೆ ಬೇಕಿರಬಹುದೆಂದು ನಾನು ತಿಳಿದೆನು.

ಆ ಮೇಲೆ ಅವರು ಮೊದಲಿಗಿಂತ ಹೆಚ್ಚಾಗಿ ತಡವರಿಸತೊಡಗಿದರು. ಸಮನಾದ, ಅಗಲವಾದ, ಒಂದು ಕಡ್ಡಿಯೂ ಇಲ್ಲದ ಫರಸಿಯ ಮೇಲೆ ಅವರು ಗೋಡೆ ಹಿಡಿದವರಂತೆ ಕೈಚಾಚಿ ನಡೆಯುವದನ್ನು ಎರಡು ಶನಿವಾರ ನೋಡಿದೆನು. ಮೂರನೆಯ ಶನಿವಾರ ಗೇಟಿನ ಬಳಿ ಅವರು ದಾರಿಯಿಂದ ಹೊರಗೆ ಕಾಲಿಟ್ಟು ಮೊಣಕಾಲೂರಿ ಬಿದ್ದರು. ದೇವರ ದಯದಿಂದ ಎಲುಬು ಮುರಿಯಲಿಲ್ಲ. ಅರಿಷಿಣ ಹಚ್ಚುತ್ತ ನಾನು ಗದರಿಸಿದೆನೆಂದು ಬರೆಯಲು ನಾಚಿಕೆಯಾಗುವದು: “ಇಷ್ಟು ಸಮ ದಾರಿ ಮಾಡಿಸಿದ್ದೇನೆ, ನೋಡಿ ನಡೆಯಬಾರದೇ?” ಅವರು ಸಿಟ್ಟಾಗಲಿಲ್ಲ. “ಗಿಡ ಇದ್ದಾಗ ಸೀರಿಗೆ ತಾಗತಿತ್ತವ್ವಾ. ಈ ಕಡೆ ತಾಗಿದರ ಆ ಕಡೆ ಸರೀತಿದ್ದೆ. ಕಲ್ಲು ತಾಗೂದಿಲ್ಲಲ್ಲ, ದಾರಿ ಎಲ್ಲಿ ಮುಗೀತು ಅಂತ ಹೆಂಗ ತಿಳೀಬೇಕು?” ಎಂದರು.

ಬೆಕ್ಕಿನ ಮೀಸೆಯ ಪಾಠವನ್ನು ನಾನು ಹೇಳಿಕೊಡದ ವರ್ಷವಿಲ್ಲ. ಕತ್ತಲೆಯಲ್ಲಿ ಅದು ಮೀಸೆಯ ತುದಿಯಿಂದ ಅಂಚುಗಳನ್ನು ತಿಳಿಯುವದು. ಮೀಸೆಯ ಬುಡದಲ್ಲಿ ನರಗಳು ದಟ್ಟವಾಗಿರುವವು. ಅದನ್ನು ಕತ್ತರಿಸಿದರೆ ಬೆಕ್ಕು ತಬ್ಬಿಬ್ಬಾಗುವದು. ಆದುದರಿಂದ ಮಕ್ಕಳೇ, ಆಟಕ್ಕೂ ಬೆಕ್ಕಿನ ಮೀಸೆಯನ್ನು ಕತ್ತರಿಸಬೇಡಿರಿ! ಆ ರಾತ್ರಿ ಮೆಣಸಿಯು ನನ್ನ ಹಾಸಿಗೆಯ ಕೊನೆಯಲ್ಲಿ ಮಲಗಿದ್ದಿತು. ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಮರುದಿನ ಮಾಡಲು ಆದ ಸಣ್ಣ ಕೆಲಸವೊಂದಿದ್ದಿತು. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬ ಹಳೆಯ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿತು. ಜಾತ್ರೆಯಲ್ಲಿ ಕೊಂಡ ಹಿತ್ತಾಳೆಯ ಗೆಜ್ಜೆಯೊಂದನ್ನು ಮೆತ್ತನೆಯ ನಾಡಿಗೆ ಪೋಣಿಸಿ ತಾಯಿಯವರು ಹಿಡಿದುಕೊಂಡರು, ನಾನು ಕಟ್ಟಿದೆನು. ನನ್ನ ಮುಂಗೈಯ ಮೇಲೆ ಇನ್ನೂ ಗುರುತಿದೆ. ಮೆಣಸಿಯು ಎರಡು ದಿನ ನಮ್ಮಿಬ್ಬರೊಡನೆ ಮಾತು ಬಿಟ್ಟಿತು. ಅಂದಿನಿಂದ ತಾಯಿಯವರು ಅದರ ಬಾಲವನ್ನು ತುಳಿದಿಲ್ಲ. ಅಂಗಳದ ಗುಬ್ಬಿಗಳಿಗೂ ಉಪಕಾರವಾಯಿತು. ಗಿಡಗಳ ಮಾತನ್ನು ಮಾತ್ರ ನಾನು ಎತ್ತಲಿಲ್ಲ. ಪೇಟೆಯಲ್ಲಿ ಅಬ್ಬಲಿಗೆಯ ಸಸಿ ಕೇಳಿದೆನು. ಅವರು ಕೊಟ್ಟದ್ದು ದಿಲ್ಲಿ ಕನಕಾಂಬರ. ದೊಡ್ಡ ಹೂವು, ಒಳ್ಳೆಯ ಬಣ್ಣ. ಆದರೆ ಅದು ಬೀಜ ಕಟ್ಟುವ ಜಾತಿಯಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಬೇಸಿಗೆಯಲ್ಲಿ ನಟ್ಟ ನಾಲ್ಕೂ ಒಣಗಿದವು.

ಮೇ ತಿಂಗಳಲ್ಲಿ ಮೊದಲ ಮಳೆ ಬಂದ ಸಂಜೆ ನಾವು ಕಟ್ಟೆಯ ಮೇಲೆ ಕುಳಿತಿದ್ದೆವು. ದೀಪ ಹೋಗಿದ್ದಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ದಾರಿಯ ಬದಿಯಿಂದ ಟಪ್, ಟಪ್ ಎಂದು ಸಣ್ಣ ಸದ್ದು, ಯಾರೋ ಬೆರಳು ಚಿಟಿಕೆ ಹೊಡೆದಂತೆ. ಮೆಣಸಿಯು ಕಿವಿ ನಿಮಿರಿಸಿ ಗೆಜ್ಜೆ ಅಲುಗಿಸಿತು. “ಕೇಳಿದೇನು?” ಎಂದರು ತಾಯಿಯವರು. ಒಣಗಿದ ಅಬ್ಬಲಿಗೆಯ ತೆನೆಯೊಳಗಿನ ಕಾಯಿಗಳಿಗೆ ನೀರು ತಾಗಿದರೆ ಅವು ಸಿಡಿದು ಬೀಜವನ್ನು ದೂರ ಎಸೆಯುವವು. ಹೊಗೆಯುಂಡು ಬೂದಿಯಾಗಬೇಕಾಗಿದ್ದ ಆ ರಾಶಿಯು ಮೂರು ತಿಂಗಳು ಬಿಸಿಲಲ್ಲಿ ಒಣಗುತ್ತ ಬಿದ್ದದ್ದು ಒಲೆಗಾಗಿ ಅಲ್ಲವೆಂಬದು ನನಗೆ ಅಂದು ತಿಳಿಯಿತು. ನಾವು ಒಂದೂ ಮಾತಾಡದೆ ಆ ಸದ್ದನ್ನು ಕೇಳುತ್ತ ಕುಳಿತೆವು. ಎಷ್ಟು ಹೊತ್ತೆಂದು ಗೊತ್ತಿಲ್ಲ. ಗಡಿಯಾರ ನೋಡಲು ಬೆಳಕಿರಲಿಲ್ಲ.

ಜೂನಿನಲ್ಲಿ ಫರಸಿಯ ಸಂದುಸಂದಿನಲ್ಲಿಯೂ ಎರಡೆರಡು ಎಲೆಯ ಸಸಿಗಳು. ನಡುವೆ ಎದ್ದವುಗಳನ್ನು ಬೆರಳಿನಿಂದ ಎಬ್ಬಿಸಿ ಅಂಚಿಗೆ ನಟ್ಟೆವು. ಎರಡೂ ಬದಿಯ ಒಂದೊಂದು ಸಾಲು ಫರಸಿಯನ್ನು ಅದೇ ಗೌಂಡಿಯಿಂದ ತೆಗೆಸಿದೆನು. ಅವನು, “ಹಾಕೂದಕ್ಕೂ ನೀವ ಹೇಳಿದ್ರಿ, ತಗಿಯೂದಕ್ಕೂ ನೀವ ಹೇಳತೀರಿ” ಎಂದು ಎರಡು ಸಾರೆಯ ಕೂಲಿಯನ್ನು ತೆಗೆದುಕೊಂಡನು. ಅದು ನ್ಯಾಯವೇ. ಈಗ ಗಿಡಗಳು ಮೊಣಕಾಲೆತ್ತರವಾಗಿವೆ. ದಾರಿಯು ಮೊದಲಿನಷ್ಟೇ ಇಕ್ಕಟ್ಟು; ನಾನು ಚೀಲ ಹಿಡಿದು ಬರುವಾಗ ಹೂವು ಉದುರುವದು, ಬೈಗುಳವೂ ಸಿಕ್ಕುವದು.

ಹೋದ ಶನಿವಾರ ತಾಯಿಯವರು ಬಲಬದಿಯ ಸಾಲನ್ನು ಹರಿದು, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕುಳಿತುಕೊಂಡು ನಾರನ್ನು ನೀರಿಗೆ ಹಾಕಿದರು. “ಎಡಗಡೀದು ನೀ ಹರಿ” ಎಂ್ದರು. “ಒಂದೂ ಬಿಡಬ್ಯಾಡ, ನೀನೂ ಕಣ್ಣು ತೋರಿಸಬೇಕಾದೀತು.” ನಾನು ಬಗ್ಗಿ ಹರಿಯತೊಡಗಿದೆನು. ಗೆಜ್ಜೆಯ ಸದ್ದು ನನ್ನ ಹಿಂದೆಯೇ ಬಂದಿತು.